ಕಳ್ಳರ ಗ್ಯಾಂಗು ಎರಡನೇ ಸಲ ಬಂದಾಗ ನಮ್ಮನ್ನ ಯಾಕೆ ಹೊರಗೆ ನಿಲ್ಲಿಸಿತು?

ಪ್ರಶ್ನೆ: ನಮಸ್ಕಾರ ಸರ್. ನಾವು ನಾಲ್ವರು ಗೆಳೆಯರು, ಧಾರವಾಡದ ಸಪ್ತಾಪುರದಲ್ಲಿ ಒಂದೇ ರೂಮಿನಲ್ಲಿದ್ದೇವೆ. ಹೋದ ವಾರ ಹಾಲಿವುಡ್‌ನ ಕಳ್ಳತನದ ಚಿತ್ರ ‘ಓಷನ್ಸ್ ಇಲೆವೆನ್’ ಮತ್ತು ಅದರ ಮುಂದಿನ ಭಾಗ ‘ಓಷನ್ಸ್ ಟ್ವೆಲ್ವ್’ ಎರಡನ್ನೂ ಒಂದೇ ರಾತ್ರಿ ನೋಡಿದೆವು. ಮೊದಲನೆಯದಕ್ಕೆ ನಾಲ್ವರೂ ಚಪ್ಪಾಳೆ ಹೊಡೆದೆವು. ಎರಡನೆಯದಕ್ಕೆ ಇಬ್ಬರು ನಿದ್ದೆ ಹೋದರು, ನನಗೆ ಸಿಟ್ಟು ಬಂತು, ಒಬ್ಬ ಮಾತ್ರ ‘ಇದೇ ಬೆಸ್ಟು, ನಿಮಗೆ ತಿಳೀಲಿಲ್ಲ’ ಅಂತಾನೆ. ಯಾರದು ಸರಿ? ಕೇಳೋಕೆ ಕಾರಣ ಇದೆ. ಹೋದ ವರ್ಷ ಕಾಲೇಜಿಗಾಗಿ ಒಂದು ಕಿರುಚಿತ್ರ ಮಾಡಿದ್ದೆವು. ಬ್ಯಾಡಗಿಯ ದಲಾಲಿ ಅಂಗಡಿಯಿಂದ ನಾಲ್ವರು ಹುಡುಗರು ಹತ್ತು ಚೀಲ ಡಬ್ಬಿ ತಳಿಯ ಮೆಣಸಿನಕಾಯಿ ಎತ್ತುವ ಕಥೆ. ಘಾಟಿಗೆ ಸೀನು ತಡೆಯಲಾಗದೆ ಪ್ಲಾನೆಲ್ಲ ಎಡವಟ್ಟಾಗುತ್ತದೆ. ಜನ ಬಿದ್ದು ಬಿದ್ದು ನಕ್ಕರು. ಈಗ ಪಾರ್ಟ್ 2 ಬರೆಯುತ್ತಿದ್ದೇವೆ. ಈ ಸಲ ಕೋಲ್ಡ್ ಸ್ಟೋರೇಜ್, ನೂರು ಚೀಲ, ಕೊನೆಗೆ ಹುಬ್ಬಳ್ಳಿ ಸ್ಟೇಷನ್ನಿನ ಉದ್ದದ ಪ್ಲಾಟ್‌ಫಾರ್ಮ್ ಮೇಲೆ ಚೇಸ್. ನಾವೂ ಅದೇ ದಾರಿ ಹಿಡಿದಿದ್ದೇವಾ?

ಉತ್ತರ: ನಿಮಗೆ ಸಿಟ್ಟು ಬಂದದ್ದು ಸರಿಯಾಗೇ ಇದೆ. ನಿಮ್ಮ ಗೆಳೆಯನಿಗೆ ಇಷ್ಟವಾದದ್ದಕ್ಕೂ ಕಾರಣ ಇದೆ, ಅದಕ್ಕೆ ಆಮೇಲೆ ಬರುತ್ತೇನೆ. ನಿದ್ದೆ ಹೋದ ಇಬ್ಬರನ್ನ ಬಿಟ್ಟುಬಿಡಿ. ಎರಡೂ ಸೇರಿ ನಾಲ್ಕು ತಾಸು, ಅದೂ ರಾತ್ರಿ ಊಟದ ಮೇಲೆ. ಯಾರಿಗಾದರೂ ಕಣ್ಣು ಎಳೆಯುತ್ತವೆ.

ನೀವು ಮೂಲ ಅಂತ ಹಿಡಿದಿರುವ ಚಿತ್ರವೂ ಮೂಲವಲ್ಲ ಅನ್ನೋದು ಗೊತ್ತಿರಲಿ. 1960ರಲ್ಲಿ ಫ್ರಾಂಕ್ ಸಿನಾತ್ರಾ, ಡೀನ್ ಮಾರ್ಟಿನ್, ಸ್ಯಾಮಿ ಡೇವಿಸ್ ಜೂನಿಯರ್ ಸೇರಿ ಇದೇ ಹೆಸರಿನ ಚಿತ್ರ ಮಾಡಿದ್ದರು. ಹೊಸ ವರ್ಷದ ರಾತ್ರಿ ಲಾಸ್ ವೇಗಸ್‌ನ ಐದು ಕ್ಯಾಸಿನೊಗಳಿಗೆ ಒಟ್ಟಿಗೇ ಕನ್ನ. ಕದ್ದ ದುಡ್ಡನ್ನ ಸತ್ತ ಗೆಳೆಯನ ಶವಪೆಟ್ಟಿಗೆಯಲ್ಲಿ ಬಚ್ಚಿಡುತ್ತಾರೆ. ಹೆಣವನ್ನ ಹೂಳುತ್ತಾರೆ ಅಂದುಕೊಂಡರೆ ಸುಟ್ಟುಬಿಡುತ್ತಾರೆ. ದುಡ್ಡೂ ಬೂದಿ. ಈ ಕೊನೆ ಬಹಳ ಚೆನ್ನಾಗಿದೆ, ಅಲ್ಲಿಗೆ ಬರುವವರೆಗೆ ಸಿನಿಮಾ ಮಾತ್ರ ಜೋಲು ಹೊಡೆಯುತ್ತದೆ. 2001ರಲ್ಲಿ ಸ್ಟೀವನ್ ಸೋಡರ್‌ಬರ್ಗ್ ಅದನ್ನೇ ಎತ್ತಿಕೊಂಡು, ಹೆಸರು ಮತ್ತು ಹನ್ನೊಂದು ಜನ ಅನ್ನೋದನ್ನ ಉಳಿಸಿಕೊಂಡು, ಹೆಚ್ಚುಕಡಿಮೆ ಉಳಿದದ್ದೆಲ್ಲ ಬದಲಾಯಿಸಿದರು. ಹಳೆಯದಕ್ಕಿಂತ ಹೊಸದು ಎಷ್ಟೋ ಪಾಲು ಮೇಲು. ಹಾಗಾಗಿ ಎರಡನೇ ಸಲ ಮಾಡಿದ್ದೆಲ್ಲ ಕೆಡುತ್ತದೆ ಅನ್ನೋ ಮಾತನ್ನ ನಾನು ಒಪ್ಪೋದಿಲ್ಲ.

ಈಗ 2001ರ ಚಿತ್ರ ನಮ್ಮ ಜೊತೆ ಹೇಗೆ ನಡೆದುಕೊಳ್ಳುತ್ತದೆ ನೋಡಿ. ಡ್ಯಾನಿ ಓಷನ್ (ಜಾರ್ಜ್ ಕ್ಲೂನಿ) ಜೈಲಿಂದ ಹೊರಬರುತ್ತಾನೆ. ಗೆಳೆಯ ರಸ್ಟಿಯನ್ನ (ಬ್ರಾಡ್ ಪಿಟ್) ಹುಡುಕುತ್ತಾನೆ. ಇಬ್ಬರೂ ಸೇರಿ ಒಬ್ಬೊಬ್ಬರನ್ನೇ ಕರೆತರುತ್ತಾರೆ. ಷಿಕಾಗೋದ ರೈಲಿನಲ್ಲಿ ಜೇಬು ಕತ್ತರಿಸುವ ಲೈನಸ್ (ಮ್ಯಾಟ್ ಡೇಮನ್), ಸ್ಫೋಟಕದ ಬ್ಯಾಷರ್, ಸರ್ಕಸ್ಸಿನ ಯೆನ್, ನಿವೃತ್ತನಾಗಿ ನಾಯಿ ರೇಸಿಗೆ ಹೋಗುವ ಮುದುಕ ಸಾಲ್. ಒಬ್ಬೊಬ್ಬನಿಗೂ ಎರಡು ಮೂರು ನಿಮಿಷ, ಅಷ್ಟರಲ್ಲೇ ಅವನ ಕೈಚಳಕ ಏನು, ಅವನ ಕಿರಿಕಿರಿ ಏನು ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಎಲ್ಲರನ್ನೂ ಕೂರಿಸಿ ಪ್ಲಾನು ಹೇಳುತ್ತಾರೆ. ಬೆಲಾಜಿಯೊ, ಮಿರಾಜ್, ಎಂಜಿಎಂ ಗ್ರ್ಯಾಂಡ್ ಮೂರೂ ಕ್ಯಾಸಿನೊಗಳ ದುಡ್ಡು ಒಂದೇ ನೆಲಮಾಳಿಗೆಯ ತಿಜೋರಿಗೆ ಬರುತ್ತದೆ. ಆಟಗಾರರು ದುಡ್ಡಿನ ಬದಲು ಕೈಯಲ್ಲಿ ಹಿಡಿದಿರುವ ಬಿಲ್ಲೆಗಳಿಗೆಲ್ಲ ಸಾಲುವಷ್ಟು ನಗದು ಅಲ್ಲಿ ಇರಲೇಬೇಕು ಅನ್ನೋದು ಕಾನೂನು. ಮಾಮೂಲಿ ದಿನ 6–7 ಕೋಟಿ ಡಾಲರ್, ವಾರದ ಕೊನೆಗೆ 8–9 ಕೋಟಿ, ದೊಡ್ಡ ಬಾಕ್ಸಿಂಗ್ ಪಂದ್ಯದ ರಾತ್ರಿ 15 ಕೋಟಿ. ಆ ರಾತ್ರಿಯೇ ಕೈ ಹಾಕೋದು.

ಆ ಕೋಣೆಯಲ್ಲಿ ಹನ್ನೊಂದು ಜನ ಕೂತು ಕೇಳುತ್ತಾರೆ. ಹನ್ನೆರಡನೆಯವರಾಗಿ ಕೂತವರು ನಾವು. ನಮಗೂ ಬಾಗಿಲುಗಳು ಗೊತ್ತು, ಕಾವಲುಗಾರರು ಗೊತ್ತು, ಲಿಫ್ಟಿನ ಸುರಂಗ ಗೊತ್ತು. ಅದಕ್ಕೇ ಮುಂದೆ ಏನಾದರೂ ಕೈಕೊಟ್ಟರೆ ನಮ್ಮ ಎದೆಯೂ ಹೊಡೆದುಕೊಳ್ಳುತ್ತದೆ. ತಿಜೋರಿ ಬಾಗಿಲ ಮುಂದೆ ಡ್ಯಾನಿ, ಲೈನಸ್ ಇಬ್ಬರೂ ಸ್ಫೋಟಕ ಅಂಟಿಸಿ, ಹಿಂದೆ ಸರಿದು ಬಟನ್ ಒತ್ತುತ್ತಾರಲ್ಲ, ಅದನ್ನ ನೆನಪು ಮಾಡಿಕೊಳ್ಳಿ. ಏನೂ ಆಗಲ್ಲ. ಮೊದಲೇ ಅಡಗಿಕೊಂಡು ತಿಜೋರಿ ಒಳಗೆ ಸೇರಿದ್ದ ಯೆನ್‌ನ ಕೈಗೆ ಕಟ್ಟಿದ ಬ್ಯಾಂಡೇಜು ಸಿಕ್ಕಿಕೊಂಡು ಅವನು ಒದ್ದಾಡುತ್ತಿದ್ದಾನೆ, ಅದು ಇವರಿಗೆ ಗೊತ್ತಿಲ್ಲ. ಮತ್ತೆ ಒತ್ತುತ್ತಾರೆ, ಆಗಲೂ ಇಲ್ಲ. ಕೊನೆಗೆ ನೋಡಿದರೆ ರಿಮೋಟಿನ ಸೆಲ್ ಖಾಲಿ! ಕೋಟಿಗಟ್ಟಲೆ ಡಾಲರಿನ ಕೆಲಸ, ಇಡೀ ಊರಿನ ಕರೆಂಟು ತೆಗೆದ ಯಂತ್ರ, ಎಲ್ಲ ಮುಗಿಸಿ ಬಂದು ಸೆಲ್ಲಿಗೆ ನಿಂತರು. ನಾವು ನಗುವುದು ಸೆಲ್ಲಿಗೆ. ಆದರೆ ಆ ನಗು ಬರಬೇಕಾದರೆ ಯೆನ್ ಒಳಗೆ ಸಿಕ್ಕಿಬಿದ್ದಿದ್ದು ನಮಗೆ ಗೊತ್ತಿರಬೇಕು, ಬಾಗಿಲಾಚೆ ನಿಂತವರಿಗೆ ಗೊತ್ತಿರಬಾರದು. ಇಲ್ಲಿ ಪಾತ್ರಗಳಿಗಿಂತ ನಾವು ಒಂದು ಹೆಜ್ಜೆ ಮುಂದೆ ಇದ್ದೇವೆ.

ಕೊನೆಯ ಟೋಪಿ ಹಾಕುವಾಗ ಮಾತ್ರ ಅವರು ನಮಗಿಂತ ಮುಂದೆ ಹೋಗುತ್ತಾರೆ. ಅಲ್ಲೂ ಲೆಕ್ಕ ಇಟ್ಟಿದ್ದಾರೆ. ಶುರುವಿನಲ್ಲೇ ಗೋದಾಮೊಂದರಲ್ಲಿ ತಿಜೋರಿಯ ಅಚ್ಚು ನಕಲು ಕಟ್ಟಿದ್ದನ್ನ ತೋರಿಸುತ್ತಾರೆ, ಅಭ್ಯಾಸಕ್ಕೆ ಅಂತ. ನಾವು ಅದನ್ನ ನೋಡಿ ಮರೆತುಬಿಡುತ್ತೇವೆ. ಕೊನೆಗೆ ಕ್ಯಾಸಿನೊ ಮಾಲೀಕ ಟೆರಿ ಬೆನೆಡಿಕ್ಟ್ (ಆ್ಯಂಡಿ ಗಾರ್ಸಿಯಾ) ಟೀವಿಯಲ್ಲಿ ನೋಡಿದ ಕಳ್ಳತನ ಆ ನಕಲು ಕೋಣೆಯಲ್ಲಿ ಮೊದಲೇ ಚಿತ್ರೀಕರಿಸಿದ್ದು ಅಂತ ಗೊತ್ತಾಗುತ್ತದೆ. ಅವನಿಗೆ ಅದು ಹೊಳೆಯುವುದು ಹೇಗೆ? ನಿಜವಾದ ತಿಜೋರಿಯ ನೆಲದ ಮೇಲೆ ಬೆಲಾಜಿಯೊದ ಲಾಂಛನ ಇದೆ. ಅದನ್ನ ಹಾಕಿಸಿದ್ದು ಅದೇ ವಾರದ ಮಂಗಳವಾರ. ಟೀವಿಯಲ್ಲಿ ಕಂಡ ನೆಲದ ಮೇಲೆ ಲಾಂಛನ ಇಲ್ಲ. ಅಷ್ಟೇ. ನೀವು ಚಿತ್ರವನ್ನ ಹಿಂದಕ್ಕೆ ಓಡಿಸಿ ನೋಡಿದರೂ ಎಲ್ಲ ತಾಳೆಯಾಗುತ್ತದೆ. ಸುಳ್ಳು ಹೇಳಿಲ್ಲ, ಕಣ್ಣ ಮುಂದೆ ಇಟ್ಟು ನಮ್ಮ ಗಮನವನ್ನ ಬೇರೆ ಕಡೆ ತಿರುಗಿಸಿದರು.

ಇನ್ನೂ ಒಂದು ಜಾಣತನ ಇದೆ, ಇದನ್ನ ಬಹಳ ಜನ ಗಮನಿಸೋದಿಲ್ಲ. ಮಧ್ಯದಲ್ಲಿ ಡ್ಯಾನಿಯನ್ನ ಗ್ಯಾಂಗಿನಿಂದ ತೆಗೆದುಹಾಕುತ್ತಾರೆ. ಅವನ ಮಾಜಿ ಹೆಂಡತಿ ಟೆಸ್ (ಜೂಲಿಯಾ ರಾಬರ್ಟ್ಸ್) ಈಗ ಬೆನೆಡಿಕ್ಟ್ ಜೊತೆ ಇದ್ದಾಳೆ, ಇವನ ತಲೆ ಕೆಲಸದ ಮೇಲಿಲ್ಲ ಅನ್ನೋದು ಕಾರಣ. ಅದು ನಾಟಕ ಅಂತ ಆಮೇಲೆ ಗೊತ್ತಾಗುತ್ತದೆ. ಆದರೆ ಆ ನಾಟಕ ಲೈನಸ್‌ಗೂ ಗೊತ್ತಿರಲಿಲ್ಲ. ಡ್ಯಾನಿ ದಿಢೀರನೆ ಕಾಣಿಸಿಕೊಂಡಾಗ ಲೈನಸ್‌ನ ಮುಖ ಸಣ್ಣದಾಗುತ್ತದೆ, ನನಗ್ಯಾಕೆ ಹೇಳಲಿಲ್ಲ ಅನ್ನೋ ಹಾಗೆ. ನಮಗೂ ಅದೇ ಅನ್ನಿಸಿರುತ್ತದೆ. ನಮ್ಮ ಮಾತನ್ನ ಅವನು ಆಡಿಬಿಡುವುದರಿಂದ ನಮಗೆ ಮೋಸ ಹೋದೆವು ಅನ್ನಿಸೋದೇ ಇಲ್ಲ.

ಈಗ 2004ಕ್ಕೆ ಬನ್ನಿ. ಅದೇ ನಿರ್ದೇಶಕ, ಅದೇ ಸಂಗೀತದ ಡೇವಿಡ್ ಹೋಮ್ಸ್, ಅದೇ ಹನ್ನೊಂದು ಜನ. ಖರ್ಚು ಮೊದಲನೆಯದಕ್ಕೆ ಸುಮಾರು 8.5 ಕೋಟಿ ಡಾಲರ್ ಆಗಿದ್ದರೆ ಇದಕ್ಕೆ 11 ಕೋಟಿ. ಗಳಿಕೆ 45 ಕೋಟಿಯ ಆಸುಪಾಸಿನಿಂದ 36 ಕೋಟಿ ಚಿಲ್ಲರೆಗೆ ಇಳಿಯಿತು. ನಷ್ಟ ಅನ್ನೋ ಹಾಗಿಲ್ಲ, ಆದರೆ ಜನ ಮೂತಿ ತಿರುಗಿಸಿದ್ದು ಕಾಣುತ್ತದೆ. ಒಳಗಿನ ಒಂದು ವಿಷಯ: ಚಿತ್ರಕಥೆ ಬರೆದವರು ಬದಲಾಗಿದ್ದಾರೆ. ಮೊದಲನೆಯದು ಟೆಡ್ ಗ್ರಿಫಿನ್ ಅವರದು. ಎರಡನೆಯದು ಜಾರ್ಜ್ ನಾಲ್ಫಿ ಈ ಗ್ಯಾಂಗಿಗೆ ಸಂಬಂಧವೇ ಇಲ್ಲದ ಕಥೆಯಾಗಿ ಬರೆದಿದ್ದು. ಆಮೇಲೆ ಅದಕ್ಕೆ ಈ ಗ್ಯಾಂಗನ್ನ ಕೂರಿಸಿದರು. ಹನ್ನೊಂದು ಜನರಲ್ಲಿ ಅರ್ಧಕ್ಕರ್ಧ ಜನಕ್ಕೆ ಕೆಲಸವೇ ಇಲ್ಲದಂತೆ ಕಾಣೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ರೋಮ್‌ಗೆ ಬಂದ ಮೇಲಂತೂ ಬಹುಪಾಲು ಗ್ಯಾಂಗು ಲಾಕಪ್ಪಿನಲ್ಲಿ!

ಶುರುವೇನೋ ಚೆನ್ನಾಗಿದೆ. ಬೆನೆಡಿಕ್ಟ್ ಒಬ್ಬೊಬ್ಬರನ್ನೇ ಪತ್ತೆ ಹಚ್ಚಿ, ದುಡ್ಡು ಬಡ್ಡಿ ಸಮೇತ ವಾಪಸ್ ಕೊಡಿ, ಎರಡು ವಾರ ಟೈಮು ಅಂತಾನೆ. ಮೊದಲ ಚಿತ್ರದಲ್ಲಿ ಒಬ್ಬೊಬ್ಬರನ್ನೇ ಸೇರಿಸಿದ ಹಾಗೇ ಇಲ್ಲಿ ಒಬ್ಬೊಬ್ಬರೇ ಸಿಕ್ಕಿಬೀಳುತ್ತಾರೆ. ಒಬ್ಬ ಸ್ಟುಡಿಯೋದಲ್ಲಿ ಹಾಡು ರೆಕಾರ್ಡ್ ಮಾಡುತ್ತಿರುತ್ತಾನೆ, ಇನ್ನೊಬ್ಬ ಸ್ಟೇಜ್ ಮೇಲೆ ನಿಂತು ಜೋಕು ಹೇಳುತ್ತಿರುತ್ತಾನೆ. ಯಾರು ನಮ್ಮ ಗುಂಪಿಗೆ ‘ಓಷನ್‌ನ ಹನ್ನೊಂದು’ ಅಂತ ಹೆಸರಿಟ್ಟಿದ್ದು ಅಂತ ಇವರೇ ತಕರಾರು ತೆಗೆಯುತ್ತಾರೆ. ಡ್ಯಾನಿ ಸಿಕ್ಕಸಿಕ್ಕವರನ್ನೆಲ್ಲ ನಾನು ಐವತ್ತರವನ ಹಾಗೆ ಕಾಣ್ತೀನಾ ಅಂತ ಕೇಳುತ್ತಾನೆ. ಈ ಭಾಗ ನೂರಕ್ಕೆ ನೂರು ಕಾಮಿಡಿ.

ತೊಂದರೆ ಎಲ್ಲಿ ಅಂದರೆ, ಇವರು ಯಾಕೆ ಕದಿಯುತ್ತಿದ್ದಾರೆ ಅನ್ನೋದರಲ್ಲಿ. ಮೊದಲ ಸಲ ಡ್ಯಾನಿಗೆ ದುಡ್ಡಿನ ಹಿಂದೆ ಟೆಸ್ ಇದ್ದಳು. ಎರಡನೇ ಸಲ ಇವರೆಲ್ಲ ಸಾಹುಕಾರರು, ಟೆಸ್ ಮನೆಯಲ್ಲೇ ಇದ್ದಾಳೆ. ಆದ್ದರಿಂದ ಕದಿಯೋಕೆ ಒಂದು ಕಾರಣವನ್ನ ಹೊರಗಿಂದ ತರಬೇಕಾಯಿತು. ಬೆನೆಡಿಕ್ಟ್‌ನ ಸಾಲ ಒಂದು. ಸಾಲದ್ದಕ್ಕೆ ಯುರೋಪಿನ ಶ್ರೀಮಂತ ಕಳ್ಳ ‘ನೈಟ್ ಫಾಕ್ಸ್’ (ವಿನ್ಸೆಂಟ್ ಕ್ಯಾಸೆಲ್), ಅವನಿಗೆ ನಾನೇ ಜಗತ್ತಿನ ನಂಬರ್ ಒನ್ ಕಳ್ಳ ಅಂತ ಸಾಬೀತು ಮಾಡುವ ಹಟ. ರೋಮ್‌ನಲ್ಲಿರುವ ಫ್ಯಾಬರ್ಜೆಯ ರಾಜಮೊಟ್ಟೆಯನ್ನ (ಫ್ಯಾಬರ್ಜೆ ಅನ್ನೋ ಅಕ್ಕಸಾಲಿಗ ರಷ್ಯಾದ ಅರಸರಿಗೆ ಮಾಡಿಕೊಟ್ಟ ಒಡವೆಯ ಮೊಟ್ಟೆ) ಯಾರು ಮೊದಲು ಎತ್ತುತ್ತಾರೋ ಅವರು ಗೆದ್ದ ಹಾಗೆ. ಇವರು ಗೆದ್ದರೆ ಸಾಲ ಅವನೇ ತೀರಿಸುತ್ತಾನೆ. ನೋಡಿ, ತಿಜೋರಿ ಒಡೆಯುವ ಕಥೆ ಹೋಗಿ ಕಳ್ಳರ ಪಂದ್ಯಾವಳಿ ಆಯಿತು. ಸೋತರೆ ಏನಾಗುತ್ತದೋ ಅನ್ನೋ ದಿಗಿಲು ನಮಗೂ ಹುಟ್ಟೋದಿಲ್ಲ, ಅವರ ಮುಖದಲ್ಲೂ ಕಾಣೋದಿಲ್ಲ.

ನಿಮಗೆ ಸಿಟ್ಟು ಬಂದದ್ದು ಬಹುಶಃ ಇದಕ್ಕೂ ಅಲ್ಲ, ಕೊನೆಗೆ. ನೈಟ್ ಫಾಕ್ಸ್ ಲೇಸರ್ ಕಿರಣಗಳ ನಡುವೆ ಕುಣಿಯುತ್ತಾ ದಾಟುತ್ತಾನಲ್ಲ, ಬ್ರೆಜಿಲ್‌ನ ಕಪೊಯೆರಾ ವರಸೆಯಲ್ಲಿ. ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನಿಸುವ ಜಾಗ ಅದೊಂದೇ. ಆಮೇಲೆ ಡ್ಯಾನಿ ಬಂದು ತಣ್ಣಗೆ ಹೇಳುತ್ತಾನೆ: ಅಸಲಿ ಮೊಟ್ಟೆಯನ್ನ ನಾವು ರೋಮ್‌ಗೆ ಬರುವ ರೈಲಿನಲ್ಲೇ ಬ್ಯಾಗು ಬದಲಾಯಿಸಿ ಎತ್ತಿದ್ದೆವು, ನೀನು ಕದ್ದದ್ದು ನಕಲಿ. ಅಂದರೆ ರೋಮ್‌ನಲ್ಲಿ ನಾವು ನೋಡಿದ ಒದ್ದಾಟ, ಸಿಕ್ಕಿಬಿದ್ದದ್ದು, ಟೆಸ್‌ಳನ್ನ ಕರೆಸಿದ್ದು, ಇದೆಲ್ಲ ಎದುರಾಳಿಗೆ ತೋರಿಸೋಕೆ ಮಾಡಿದ ಆಟ. ಸರಿ, ಅವನಿಗೆ ಟೋಪಿ ಹಾಕಿದರು. ಅವನ ಜೊತೆ ನಮಗ್ಯಾಕೆ ಹಾಕಿದರು? ಗೋದಾಮಿನ ನಕಲು ಕೋಣೆಯ ಥರ ಇಲ್ಲಿ ಮೊದಲೇ ಕಣ್ಣಿಗೆ ಬಿದ್ದ ವಸ್ತು ಯಾವುದೂ ಇಲ್ಲ. ಲಾಂಛನದ ಥರ ಗುಟ್ಟು ಬಿಟ್ಟುಕೊಡುವ ಗುರುತೂ ಇಲ್ಲ. ಹಿಂದಕ್ಕೆ ಓಡಿಸಿ ನೋಡಿದರೆ ‘ಅಯ್ಯೋ, ಇಲ್ಲೇ ಇತ್ತಲ್ಲ’ ಅನ್ನಿಸೋದಿಲ್ಲ. ಮೊದಲ ಚಿತ್ರದಲ್ಲಿ ನಮಗಿದ್ದ ಹನ್ನೆರಡನೇ ಕುರ್ಚಿ ಇಲ್ಲಿ ಎತ್ತಿಬಿಟ್ಟಿದ್ದಾರೆ. ಚಿತ್ರದ ಹೆಸರೇ ‘ಹನ್ನೆರಡು’ ಆಗಿರೋದು ತಮಾಷೆಯೇ ಸರಿ.

ಇನ್ನೂ ನೋವಿನ ಸಂಗತಿ ಅಂದರೆ, ಚಿತ್ರದ ಅತ್ಯುತ್ತಮ ದೃಶ್ಯವನ್ನ ಅದೇ ಚಿತ್ರ ಕೆಲಸಕ್ಕೆ ಬಾರದ್ದು ಮಾಡಿತು. ನಾವು ಉಸಿರು ಬಿಗಿಹಿಡಿದು ನೋಡಿದ ಕುಣಿತ ನಕಲಿ ಮೊಟ್ಟೆಗಾಗಿ!

ಇನ್ನು ನಿಮ್ಮ ಗೆಳೆಯನ ಮಾತು. ಅವನಿಗೆ ಹಿಡಿಸಿದ್ದು ಏನಿರಬಹುದು ಅಂತ ಊಹಿಸಬಲ್ಲೆ. ಗ್ಯಾಂಗಿನ ಬಹುಪಾಲು ಜನ ಲಾಕಪ್ಪಿನಲ್ಲಿ, ದಿಕ್ಕು ತೋಚದೆ ಲೈನಸ್ ಟೆಸ್‌ಳನ್ನ ಕರೆಸುತ್ತಾನೆ. ಅವಳು ಬಸುರಿ ಜೂಲಿಯಾ ರಾಬರ್ಟ್ಸ್ ಅಂತ ನಟಿಸಬೇಕು. ಟೆಸ್ ಪಾತ್ರ ಮಾಡಿದ್ದೂ ಜೂಲಿಯಾ ರಾಬರ್ಟ್ಸೇ. ಆಗ ನಿಜವಾಗಿಯೂ ಆಕೆ ಬಸುರಿ. ಅಷ್ಟರಲ್ಲಿ ಹೋಟೆಲಿನಲ್ಲಿ ನಟ ಬ್ರೂಸ್ ವಿಲ್ಲಿಸ್ ತನ್ನದೇ ಪಾತ್ರದಲ್ಲಿ ಎದುರಾಗಿ, ಹಳೇ ಗೆಳತಿ ಅಂದುಕೊಂಡು ಮಾತಿಗೆ ನಿಲ್ಲುತ್ತಾನೆ. ಟೆಸ್‌ಗೆ ಬೆವರು. ಕಥೆಯ ದೃಷ್ಟಿಯಿಂದ ಇದು ಹುಚ್ಚಾಟ. ತಮಾಷೆಯ ದೃಷ್ಟಿಯಿಂದ ನನಗಂತೂ ಬಹಳ ಇಷ್ಟ. ನಮ್ಮ ಕಡೆ ಜಾತ್ರೆಯಲ್ಲಿ ಕ್ಯಾಂಪ್ ಹಾಕುವ ಕಂಪನಿ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಹಾಸ್ಯ ಪಾತ್ರಧಾರಿ ದೃಶ್ಯದ ನಡುವೆ ಪಾತ್ರ ಬಿಟ್ಟು ಮುಂದಿನ ಸಾಲಿನ ಗೌಡರನ್ನ ಮಾತಾಡಿಸುತ್ತಾನೆ, ಮಾಲೀಕರು ಇನ್ನೂ ಪಗಾರ ಕೊಟ್ಟಿಲ್ಲ ಅಂತಾನೆ, ಟೆಂಟು ಬಿದ್ದುಹೋಗುವಷ್ಟು ನಗು. ಕಥೆ ಎರಡು ನಿಮಿಷ ನಿಂತರೂ ಯಾರಿಗೂ ಬೇಜಾರಿಲ್ಲ. ಯಾಕೆಂದರೆ ಆ ನಟ ಯಾರು ಅಂತ ಊರಿಗೆಲ್ಲ ಗೊತ್ತು. ‘ಟ್ವೆಲ್ವ್’ ಕೂಡ ಹಾಗೇ, ಈ ನಟರನ್ನ ನಟರಾಗಿಯೇ ಪ್ರೀತಿಸುವವರಿಗೆ ಮಾಡಿದ ಚಿತ್ರ. ಅವರು ಯುರೋಪ್ ಸುತ್ತಿದರು, ಒಳ್ಳೇ ಬಟ್ಟೆ ಹಾಕಿದರು, ಒಬ್ಬರನ್ನೊಬ್ಬರು ರೇಗಿಸಿದರು. ಕ್ಯಾಮೆರಾ ಕೂಡ ಮೊದಲನೆಯದರಂತೆ ನುಣುಪಾಗಿಲ್ಲ. ಕೈಯಲ್ಲೇ ಹಿಡಿದು ಓಡಾಡುತ್ತದೆ, ದಿಢೀರಂತ ಜೂಮ್ ಹೋಗುತ್ತದೆ, ಅರವತ್ತರ ದಶಕದ ಯುರೋಪಿನ ಚಿತ್ರಗಳ ಥರ. ನಿಮ್ಮ ಗೆಳೆಯ ಆ ಗಾಳಿಗೆ ಮನಸೋತಿದ್ದಾನೆ. ಅವನು ಕಳ್ಳತನ ನೋಡಲು ಕೂತಿರಲಿಲ್ಲ, ನೀವು ಅದಕ್ಕೇ ಕೂತಿದ್ದಿರಿ. ನನ್ನ ತೀರ್ಪು ಕೇಳಿದರೆ, ಕಳ್ಳತನದ ಚಿತ್ರ ಅಂತ ಹೆಸರು ಹಾಕಿಕೊಂಡ ಮೇಲೆ ಮೊದಲನೆಯದೇ ಮೇಲು, ಅದರಲ್ಲಿ ಅನುಮಾನ ಬೇಡ. ಆದರೆ ಎರಡನೆಯದು ಮೊದಲನೆಯದನ್ನ ನಕಲು ಹೊಡೆಯಲಿಲ್ಲ ಅನ್ನೋದಕ್ಕೆ ನಾನು ಅರ್ಧ ಮಾರ್ಕು ಜಾಸ್ತಿ ಕೊಡುತ್ತೇನೆ.

ನಿಮ್ಮ ಕಥೆಗೆ ಜಾಸ್ತಿ ಹತ್ತಿರದ ಜೋಡಿ ಇನ್ನೊಂದಿದೆ. 1958ರಲ್ಲಿ ಇಟಲಿಯ ಮಾರಿಯೊ ಮೊನಿಚೆಲ್ಲಿ ಮಾಡಿದ ‘ಇ ಸೋಲಿಟಿ ಇನ್ಯೋಟಿ’. ರೋಮ್‌ನ ಬಡ ಕಳ್ಳರು. ಗಿರವಿ ಅಂಗಡಿಯ ತಿಜೋರಿಗೆ ಪಕ್ಕದ ಮನೆಯ ಗೋಡೆ ಒಡೆದು ಹೋಗುವ ಪ್ಲಾನು. ತಿಜೋರಿ ಒಡೆಯೋದು ಹೇಗೆ ಅಂತ ಪಾಠ ಹೇಳೋಕೆ ಒಬ್ಬ ಮುದಿ ಗುರು, ಆ ಪಾತ್ರ ಮಾಡಿದ್ದು ಇಟಲಿಯ ದೊಡ್ಡ ಹಾಸ್ಯನಟ ಟೊಟೊ. ರಾತ್ರಿಯೆಲ್ಲ ಬೆವರಿಳಿಸಿ ಗೋಡೆ ಒಡೆದರೆ ಆ ಕಡೆ ಕಾಣೋದು ಅದೇ ಮನೆಯ ಅಡುಗೆಮನೆ! ತಪ್ಪು ಗೋಡೆ ಒಡೆದಿದ್ದಾರೆ. ಏನು ಮಾಡೋದು, ಅಲ್ಲಿದ್ದ ಪಾಸ್ತಾ ಮತ್ತು ಕಡಲೆಕಾಳು ಬಡಿಸಿಕೊಂಡು ಕೂತು ತಿನ್ನುತ್ತಾರೆ. ಮರುವರ್ಷವೇ, 1959ರಲ್ಲಿ, ಮುಂದಿನ ಭಾಗ ಬಂತು. ನಿರ್ದೇಶಕ ಬೇರೆ, ನಾನಿ ಲಾಯ್. ಮೊದಲನೆಯದರಲ್ಲಿದ್ದ ಮಾರ್ಚೆಲ್ಲೊ ಮಾಸ್ಟ್ರೊಯಾನಿ ಇದರಲ್ಲಿಲ್ಲ. ಗ್ಯಾಂಗು ರೋಮ್ ಬಿಟ್ಟು ಮಿಲಾನ್‌ಗೆ ಹೋಗಿ ಫುಟ್‌ಬಾಲ್ ಲಾಟರಿಯ ದುಡ್ಡಿಗೆ ಕೈ ಹಾಕುತ್ತದೆ. ಮೊದಲನೆಯದರಷ್ಟು ಹೆಸರು ಬರಲಿಲ್ಲ. ಆದರೂ ಯಾಕೆ ಮತ್ತೆ ಕದಿಯುತ್ತಾರೆ ಅನ್ನೋ ಪ್ರಶ್ನೆ ಅಲ್ಲಿ ಏಳೋದೇ ಇಲ್ಲ. ಮೊದಲ ಸಲ ಸಿಕ್ಕಿದ್ದು ಒಂದು ಹೊತ್ತಿನ ಊಟ ಮಾತ್ರ. ಹಸಿವು ಹಾಗೇ ಇದೆ.

ನಿಮ್ಮ ಬ್ಯಾಡಗಿ ಹುಡುಗರು ಈ ಇಟಲಿಯವರ ವಂಶ. ಸೀನಿ ಸೀನಿ ಸಿಕ್ಕಿಬಿದ್ದವರು. ಅವರನ್ನ ಪಾರ್ಟ್ 2ರಲ್ಲಿ ದಿಢೀರಂತ ಕ್ಲೂನಿ, ಪಿಟ್ ಮಾಡಬೇಡಿ. ನೂರು ಚೀಲ, ಕೋಲ್ಡ್ ಸ್ಟೋರೇಜ್ ಅಂದಾಗ ನನಗೆ ಬಂದ ಅನುಮಾನ ಇದೇ. ಹತ್ತು ಚೀಲ ಎತ್ತಲಾಗದವರು ನೂರಕ್ಕೆ ಯಾಕೆ ಹೋಗುತ್ತಾರೆ? ದೊಡ್ಡದು ಮಾಡಿದರೆ ನಗು ದೊಡ್ಡದಾಗುತ್ತದೆ ಅಂತ ನೀವು ಅಂದುಕೊಂಡಿದ್ದೀರಿ. ಮೊದಲು ಇದಕ್ಕೆ ಉತ್ತರ ಬರೆಯಿರಿ: ಪಾರ್ಟ್ 1 ಮುಗಿದ ಮರುದಿನ ಬೆಳಿಗ್ಗೆ ಈ ನಾಲ್ವರು ಏನು ಮಾಡಿದರು? ದಲಾಲಿ ಅವರನ್ನ ಪೊಲೀಸರಿಗೆ ಕೊಟ್ಟನಾ, ಅಥವಾ ಸಾಲ ತೀರುವವರೆಗೆ ಚೀಲ ಹೊರಿ ಅಂತ ತನ್ನ ಅಂಗಡಿಯಲ್ಲೇ ಇಟ್ಟುಕೊಂಡನಾ? ಎರಡನೆಯದಾದರೆ ನಿಮಗೆ ಕಥೆ ತಾನಾಗೇ ಸಿಕ್ಕಿತು. ಈಗ ಅವರಿಗೆ ಅಂಗಡಿ ಒಳಗಿಂದ ಗೊತ್ತು. ಟೆಂಡರ್ ದಿನ ಲಾಟುಗಳನ್ನ ಹೇಗೆ ಸುರಿದಿಡುತ್ತಾರೆ, ಯಾರು ಬಂದು ಮೂಸುತ್ತಾರೆ, ಯಾವ ಚೀಲ ಯಾವ ಲಾರಿಗೆ ಹೋಗುತ್ತದೆ ಎಲ್ಲ ಗೊತ್ತು. ಘಾಟು ಅಭ್ಯಾಸವಾಗಿ ಸೀನೂ ನಿಂತಿದೆ. ಹೋದ ಸಲ ಜನ ನಕ್ಕಿದ್ದ ಸೀನು ಇನ್ನು ಬರಲ್ಲ ಅಂತ ಜನಕ್ಕೆ ಗೊತ್ತಾಗಲಿ. ಆಮೇಲೆ ಸೀನಬಾರದವನು ಸೀನಲಿ. ಹುಡುಗರಲ್ಲ, ಮೂವತ್ತು ವರ್ಷ ಅದೇ ಕಟ್ಟೆ ಮೇಲೆ ಕೂತ ದಲಾಲಿ.

ಗುಟ್ಟು ಅಡಗಿಸೋಕೂ ನಿಮ್ಮ ಊರಲ್ಲೇ ಒಳ್ಳೇ ಸಾಮಾನಿದೆ. ಡಬ್ಬಿಯೂ ಕಡ್ಡಿಯೂ ಎರಡೂ ಬ್ಯಾಡಗಿಯೇ. ಡಬ್ಬಿ ಗಿಡ್ಡಗೆ, ಉಬ್ಬಿಕೊಂಡಿರುತ್ತದೆ. ಕಡ್ಡಿ ಉದ್ದ, ಸಪೂರ, ಮೈಯೆಲ್ಲ ಸುಕ್ಕು. ಬಣ್ಣಕ್ಕೆ ಹೆಸರಾದದ್ದು ಎರಡೂ, ಆದರೆ ದರ ಡಬ್ಬಿಗೆ ಜಾಸ್ತಿ. ಹಾವೇರಿ ಜಿಲ್ಲೆಯ ಪ್ರೇಕ್ಷಕನಿಗೆ ಇದನ್ನ ಹೇಳಿಕೊಡಬೇಕಿಲ್ಲ, ಹೊರಗಿನವರಿಗೆ ಮೊದಲ ಐದು ನಿಮಿಷದಲ್ಲಿ ಒಂದು ಜೋಕಿನ ನೆಪದಲ್ಲಿ ತೋರಿಸಿಬಿಡಿ. ಅಂಗಡಿಗೆ ಬಂದ ಹೊಸ ಅಳಿಯ ಎರಡರ ನಡುವೆ ವ್ಯತ್ಯಾಸ ತಿಳಿಯದೆ ಬೈಸಿಕೊಳ್ಳಲಿ. ಜನ ನಕ್ಕು ಮರೆಯುತ್ತಾರೆ. ಕೊನೆಗೆ ಚೀಲದ ಬಾಯಿ ಬಿಚ್ಚಿದಾಗ ಮೇಲಿನ ಒಂದು ಹಿಡಿ ಡಬ್ಬಿ, ಕೆಳಗೆಲ್ಲ ಕಡ್ಡಿ. ಅದನ್ನ ಕಂಡುಹಿಡಿಯೋದೂ ಆ ಅಳಿಯನೇ ಆಗಲಿ. ಬೆಲಾಜಿಯೊದ ನೆಲದ ಲಾಂಛನ ಮಾಡಿದ ಕೆಲಸವನ್ನ ಇದು ಮಾಡುತ್ತದೆ. ಕೊನೆಯ ತಿರುವಿಗೆ ಬೇಕಾದ ವಸ್ತು ಮೊದಲ ಅರ್ಧದಲ್ಲಿ ಒಂದು ಸಲವಾದರೂ ಜನರ ಕಣ್ಣಿಗೆ ಬಿದ್ದಿರಬೇಕು. ಬಿದ್ದಿಲ್ಲದಿದ್ದರೆ ಆ ತಿರುವು ಎಷ್ಟೇ ಜಾಣ ಆಗಿರಲಿ, ತೆಗೆದುಹಾಕಿ. ಈ ವಿಷಯದಲ್ಲಿ ನಾನು ಹಟಮಾರಿ.

ಗುಟ್ಟನ್ನ ನಾಲ್ವರೂ ಇಟ್ಟುಕೊಳ್ಳುವುದು ಬೇಡ. ಮೂವರಿಗೆ ಗೊತ್ತಿರಲಿ, ಒಬ್ಬನಿಗೆ ಗೊತ್ತಿಲ್ಲದಿರಲಿ. ನಾವು ಅವನ ಜೊತೆ ಹೋಗುತ್ತೇವೆ. ನಿಮ್ಮ ಪತ್ರ ನೋಡಿದರೆ ಆ ಪಾತ್ರಕ್ಕೆ ಯಾರನ್ನ ಹಾಕಬೇಕು ಅಂತ ಹೊಳೆಯುತ್ತದೆ. ‘ನಿಮಗೆ ತಿಳೀಲಿಲ್ಲ’ ಅಂದವನನ್ನೇ ಹಾಕಿ, ಮಜಾ ಇರುತ್ತದೆ.

ಬರೆಯೋಕೆ ಕೂರುವ ಮೊದಲು ಮೂರನೆಯದನ್ನೂ ನೋಡಿ, 2007ರ ‘ಓಷನ್ಸ್ ಥರ್ಟೀನ್’. ಗ್ಯಾಂಗಿನ ಹಿರಿಯ ರೂಬೆನ್‌ಗೆ ಅಲ್ ಪಚಿನೊ ಮಾಡಿದ ಕ್ಯಾಸಿನೊ ಮಾಲೀಕ ಮೋಸ ಮಾಡುತ್ತಾನೆ, ರೂಬೆನ್ ಹಾಸಿಗೆ ಹಿಡಿಯುತ್ತಾನೆ. ಸೇಡಿಗೆ ಎಲ್ಲರೂ ಲಾಸ್ ವೇಗಸ್‌ಗೆ ವಾಪಸ್. ಕಾರಣ ಸರಳ, ಗಟ್ಟಿ. ಪ್ಲಾನು ಮತ್ತೆ ನಮ್ಮ ಮುಂದೆಯೇ ಹಾಕುತ್ತಾರೆ. ಎರಡನೆಯದಕ್ಕೆ ಬಂದ ಬೈಗುಳವನ್ನ ಅವರು ಕೇಳಿಸಿಕೊಂಡಂತೆ ಕಾಣುತ್ತದೆ. ಅದರಲ್ಲಿ ನಿಮಗೆ ಬೇಕಾದ ದೃಶ್ಯ ಒಂದಿದೆ. ದಾಳಗಳಲ್ಲಿ ಕೈವಾಡ ಮಾಡೋಕೆ ಗ್ಯಾಂಗಿನ ವರ್ಜಿಲ್‌ನನ್ನ ಮೆಕ್ಸಿಕೋದ ದಾಳದ ಕಾರ್ಖಾನೆಗೆ ಕೂಲಿಯಾಗಿ ಸೇರಿಸುತ್ತಾರೆ. ಅವನು ಬಂದ ಕೆಲಸ ಬಿಟ್ಟು ಕಾರ್ಮಿಕರ ಪರ ಮುಷ್ಕರಕ್ಕೆ ಕೂರುತ್ತಾನೆ. ಅವನನ್ನ ಎಬ್ಬಿಸಲು ಹೋದ ಸಹೋದರನೂ ಅಲ್ಲೇ ಸೇರಿಕೊಳ್ಳುತ್ತಾನೆ. ಕೋಟಿಗಟ್ಟಲೆ ಡಾಲರಿನ ಪ್ಲಾನು ಚಿಲ್ಲರೆ ಪಗಾರಕ್ಕೆ ನಿಂತುಹೋಗುತ್ತದೆ. ನಿಮ್ಮ ಹುಡುಗರಲ್ಲಿ ಒಬ್ಬ ಹಮಾಲರ ಜೊತೆ ಸೇರಿ, ಚೀಲಕ್ಕೆ ಇಷ್ಟು ಕೊಡಿ ಅಂತ ಕಳ್ಳತನದ ದಿನವೇ ಮುಷ್ಕರ ಹೂಡಿದರೆ? ಚೀಲ ಕದಿಯಬೇಕು, ಆದರೆ ಚೀಲ ಮುಟ್ಟಿದರೆ ಮುಷ್ಕರ ಮುರಿದ ಹಾಗೆ. ದೃಶ್ಯ ಕದಿಯಬೇಡಿ, ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದನ್ನ ಮಾತ್ರ ನೋಡಿಕೊಳ್ಳಿ.

2018ರಲ್ಲಿ ಹೆಂಗಸರ ಗ್ಯಾಂಗಿನ ‘ಓಷನ್ಸ್ 8’ ಕೂಡ ಬಂತು, ನಿರ್ದೇಶಕ ಗ್ಯಾರಿ ರಾಸ್. ನೋಡಿದರೆ ನಷ್ಟವಿಲ್ಲ, ನಿಮ್ಮ ಪ್ರಶ್ನೆಗೆ ಅದರಿಂದ ಸಿಗೋದು ಕಡಿಮೆ.

ಉಳಿದದ್ದು ಪ್ಲಾಟ್‌ಫಾರ್ಮ್. ಹುಬ್ಬಳ್ಳಿಯ ಆ ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ದಾಖಲೆ. ಚೇಸ್‌ಗೆ ಜಾಗ ಸಿಕ್ಕಿತು ಅಂತ ನಿಮಗೆ ಆಸೆಯಾಗಿದ್ದು ಸಹಜ. ಆದರೆ ಅಲ್ಲಿ ಜೋರಾಗಿ ಓಡಿಸಿದರೆ ಅದು ಬರೀ ಚೇಸ್ ಆಗುತ್ತದೆ. ನಿಮ್ಮ ದಲಾಲಿಗೆ ವಯಸ್ಸು ಅರವತ್ತು ಇಡಿ, ಹುಡುಗರ ತಲೆ ಮೇಲೆ ಚೀಲ ಇಡಿ. ನಾನೂರು ಮೀಟರಿಗೆ ಎಲ್ಲರಿಗೂ ಉಸಿರು ಹೋಗಿ, ಒಂದೇ ಬೆಂಚಿನ ಮೇಲೆ ಆ ತುದಿ ಈ ತುದಿ ಕೂತು ನೀರು ಕುಡಿದು, ಮತ್ತೆ ಎದ್ದು ಓಡಲಿ. ಇನ್ನೂ ಒಂದು ಕಿಲೋಮೀಟರ್ ಬಾಕಿ ಇದೆಯಲ್ಲ! ಚಿತ್ರೀಕರಣಕ್ಕೆ ರೈಲ್ವೆಯ ಅನುಮತಿ ಬೇಕೇ ಬೇಕು, ಸುಮ್ನೆ ಮೊಬೈಲ್ ಹಿಡಿದು ಹೋದರೂ ಆರ್‌ಪಿಎಫ್‌ನವರು ನಿಲ್ಲಿಸುತ್ತಾರೆ. ಕಾಲೇಜಿನ ಪತ್ರ ತೆಗೆದುಕೊಂಡು ಹುಬ್ಬಳ್ಳಿಯ ರೈಲ್ವೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಶುಲ್ಕ ಎಷ್ಟು ಅಂತ ಕೇಳಿಕೊಳ್ಳಿ. ಕೈಗೆಟುಕದಿದ್ದರೆ ಇದೇ ಓಟವನ್ನ ಮಾರ್ಕೆಟ್ ಯಾರ್ಡಿನಲ್ಲಿ, ಒಣಗಲು ಹರಡಿದ ಮೆಣಸಿನಕಾಯಿ ನಡುವಿನ ಸಂದಿಯಲ್ಲಿ ತೆಗೆಯಿರಿ. ಒಂದು ಕಾಯಿಯನ್ನೂ ತುಳಿಯದ ಹಾಗೆ ಓಡಬೇಕು ಅನ್ನೋ ಷರತ್ತು ಇಡಿ, ತುಳಿದರೆ ರೈತ ಬಡಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದಾನೆ.